ಬೊಳ್ಳಮ್ಮ ತಂದ ಕೇಪಿನ ಕೋವಿ

ಮಡಿಕೇರಿಯ ಕೂಸಪ್ಪನದು ಕೋವಿ ರಿಪೇರಿಯ ಕಸುಬು. ನಳಿಗೆಯೊಂದು ಸಿಡಿದು ಎಡಗೈಯ ಎರಡು ಬೆರಳು ಹೋದಂದಿನಿಂದ ಅವನಿಗೆ ಕೋವಿ ಮುಟ್ಟಲು ಹೆದರಿಕೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಆ ಬೆಳಗ್ಗೆ ನಾಪೋಕ್ಲಿನ ಬೊಳ್ಳಮ್ಮ ಕಂಬಳಿಯಲ್ಲಿ ಸುತ್ತಿದ ಕೋವಿಯೊಂದಿಗೆ ಬಸ್ಸಿಳಿದು ಅವನ ಅಂಗಡಿಗೆ ಬಂದಳು. ಕೊಳ್ಳಲು ಬಂದ ಮರದ ವ್ಯಾಪಾರಿ ಪರಮೇಶಪ್ಪನೂ ಜೊತೆಗಿದ್ದ.

"ನಮ್ಮ ಮಾವನ ಕಾಲದ್ದು. ನೀವು ಹೇಳಿದ ಬೆಲೆಗೆ ಇಬ್ರೂ ಒಪ್ತೇವೆ," ಎಂದಳು.

ಹಿಡಿಯ ಮರ ಬಿರುಕು ಬಿಟ್ಟಿರಲಿಲ್ಲ. ಬೆಳ್ಳಿಯ ಕುಸುರಿ ಹಾಗೇ ಇತ್ತು. ಇನ್ನೂರು ರೂಪಾಯಿಗೆ ಕಮ್ಮಿಯಿಲ್ಲ ಅಂದುಕೊಂಡ ಕೂಸಪ್ಪ, ನಳಿಗೆಯ ಒಳಗೆ ಮದ್ದು ಜಡಿಯುವ ಗಜದ ಕಡ್ಡಿ ಇಳಿಸಿದ. ಅದು ತಳ ಮುಟ್ಟಲಿಲ್ಲ. ಹೊರಗೆ ತೆಗೆದು ನಳಿಗೆಯ ಹೊರಮೈಗೆ ಒತ್ತಿ ಅಳೆದರೆ, ಒಳಗೆ ಇಳಿದದ್ದು ನಾಲ್ಕು ಬೆರಳು ಕಡಿಮೆ; ತಳದಲ್ಲಿ ಏನೋ ತುಂಬಿತ್ತು. ಬಿದ್ದು ಕಿಡಿ ಹೊಡೆಸುವ ಸುತ್ತಿಗೆ, ಅರ್ಧ ಎತ್ತಿ ನಿಂತ ಆ ಕುದುರೆಯ ಕೆಳಗೆ ಕಿಲುಬು ಅಂದುಕೊಂಡಿದ್ದದ್ದು, ಮದ್ದಿಗೆ ಕಿಡಿ ಕೊಡುವ ಕೇಪು! ಕುದುರೆಯೋ, ಹಲ್ಲು ಸವೆದು ಯಾವಾಗ ಬೇಕಾದರೂ ಬೀಳುವಂತೆ ಅಲ್ಲಾಡುತ್ತಿತ್ತು.

ಪರಮೇಶಪ್ಪ ನಳಿಗೆಯ ಬಾಯಿಗೇ ಎದುರಾಗಿ ಬಗ್ಗಿ ಕುಸುರಿ ನೋಡುತ್ತಿದ್ದ.

"ಸಾವ್ಕಾರ್ರೇ, ಮೆಲ್ಲ ಪಕ್ಕಕ್ಕೆ ಬನ್ನಿ."

"ಎಂಥ?"

"ಮದ್ದು ತುಂಬಿ ಉಂಟು."

ಬೊಳ್ಳಮ್ಮ ಗೋಡೆಗೆ ಒರಗಿಬಿಟ್ಟಳು. "ಅಯ್ಯೋ, ಬಸ್ಸಿನಲ್ಲಿ ಪಕ್ಕದವಳ ಮಗು ಇದರ ಮೇಲೇ ತಲೆ ಇಟ್ಟು ಮಲಗಿತ್ತಲ್ಲ!"

ಗೋಡೆಯಾಚೆ ದರ್ಜಿಯ ಮಿಷನ್ನು ಓಡುತ್ತಿತ್ತು. ಕೂಸಪ್ಪ ಕೋವಿ ಎತ್ತಿಕೊಂಡು, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಹಿತ್ತಲ ಬಾಗಿಲಿಗೆ ಹೋದ. ನಳಿಗೆಯನ್ನು ಗುಡ್ಡದ ಕಡೆ ತಿರುಗಿಸಿ ಮಂಡಿಯೂರಿದ. ಕೇಪು ತೆಗೆಯಬೇಕಾದರೆ ಕುದುರೆಯನ್ನು ಪೂರ್ತಿ ಎತ್ತಬೇಕು. ಎತ್ತಿದ. ಬೆವರಿದ ಹೆಬ್ಬೆರಳು ಜಾರಿತು. ಅಷ್ಟರಲ್ಲಿ ಎಡಗೈ ತಾನಾಗಿ ನಡುವೆ ನುಗ್ಗಿತ್ತು. ಕುದುರೆ ಮಾಂಸಕ್ಕೆ ಕಚ್ಚಿಕೊಂಡಿತು, ಕೇಪಿಗೆ ತಾಗಲಿಲ್ಲ.

ಅವನು ಕುದುರೆಯನ್ನು ಮತ್ತೆ ಎತ್ತಿ, ಉಗುರಿನಿಂದ ಕೇಪು ಕಿತ್ತೆಸೆದು, ನಳಿಗೆಗೆ ಚೊಂಬು ನೀರು ಸುರಿದ. ಬೊಳ್ಳಮ್ಮ ಸೆರಗು ಹರಿದು ಅವನ ಕೈಗೆ ಕಟ್ಟಿದಳು.

"ಕುದುರೆ ಸವೆದಿದೆ. ನೂರಾ ಇಪ್ಪತ್ತು," ಎಂದ ಕೂಸಪ್ಪ.

"ಧರ್ಮಕ್ಕೆ ಕೊಟ್ರೂ ನಂಗೆ ಬೇಡ," ಎಂದು ಪರಮೇಶಪ್ಪ ಚಪ್ಪಲಿ ಮೆಟ್ಟಿದ.

"ನಾನಂತೂ ಇದನ್ನು ಮತ್ತೆ ಬಸ್ಸು ಹತ್ತಿಸೋದಿಲ್ಲ. ನಿಮ್ಮಲ್ಲೇ ಇರಲಿ," ಎಂದು ಬೊಳ್ಳಮ್ಮ ಬರೀ ಕಂಬಳಿ ಮಡಚಿಕೊಂಡು ಹೊರಟಳು.

ಕೂಸಪ್ಪನಿಗೂ ಅದು ಬೇಡವಾಗಿತ್ತು; ಆದರೂ ಒಳಗೆ ತಂದು ಮೇಜಿನ ಮೇಲೆ ಮಲಗಿಸಿದ. ಮದ್ದು ನೆನೆದು ಕೆಸರಾಗಿದೆಯೆಂದು ಗೊತ್ತಿದ್ದರೂ, ಆ ದಿನವಿಡೀ ಅವನು ಅದರ ನಳಿಗೆಯ ಬಾಯಿಯ ಮುಂದಿನಿಂದ ಹಾಯಲಿಲ್ಲ.