ಹಲ್ಲುಕಡಿ ದಂಡೆಯ ಪ್ಲಗ್ಗು

ನಾನೊಂದು ಸ್ಕೂಟರಿನ ಪ್ಲಗ್ಗು. ಕಾರ್ಖಾನೆಯಿಂದ ಹೊರಬಿದ್ದಾಗ ನನಗೆ ಬಿಳಿ ಪಿಂಗಾಣಿಯ ಕುತ್ತಿಗೆ, ಹೊಳೆಯುವ ಉಕ್ಕಿನ ಸೊಂಟ, ತುದಿಯಲ್ಲಿ ಕಿಡಿ ಹಾರಿಸುವ ಸಣ್ಣ ಮೂತಿ ಇತ್ತು. ನನ್ನ ಜೊತೆ ಒಂದೇ ಪೆಟ್ಟಿಗೆಯಲ್ಲಿ ಮಲಗಿದ್ದವರೆಲ್ಲ ಒಂದಿಷ್ಟು ಕಾಲ ಉರಿದು ಗುಜರಿಗೆ ಹೋದರು. ಸತ್ತವರೊಬ್ಬರ ಜೊತೆ ಮಾತಾಡಿದ್ದು ನಾನೊಬ್ಬನೇ ಇರಬೇಕು. ಜಂಬಕ್ಕೆ ಹೇಳುತ್ತಿಲ್ಲ. ನಡೆದದ್ದು ಹಾಗೆ.

ಮೊದಲು ನಾನು ಕುಮಟಾ ಕಡೆಯ ಒಬ್ಬ ವಿಮಾ ಏಜೆಂಟರ ಸ್ಕೂಟರಿನಲ್ಲಿದ್ದೆ. ಅವರು ಮನೆಮನೆಯ ಜಗಲಿಯಲ್ಲಿ ಕೂತು ಚಾ ಕುಡಿಯುತ್ತ, ಸಾವು ಯಾವಾಗ ಬೇಕಾದರೂ ಬರಬಹುದು ಎಂದು ನಗುನಗುತ್ತ ಹೇಳುತ್ತಿದ್ದರು. ಅಂಗಳದಲ್ಲಿ ನಿಂತು ಕೇಳಿ ಕೇಳಿ ನನಗೆ ಸಾವೆಂದರೆ ಬೇಸರ ಬಂದಿತ್ತು. ಒಂದು ದಿನ ಏರಿನಲ್ಲಿ ಮಸಿ ಹಿಡಿದು ಕೆಮ್ಮಿದೆ. ಮೆಕ್ಯಾನಿಕ್ ಪೆದ್ರು ನನ್ನನ್ನು ಬಿಚ್ಚಿ, ಉಫ್ ಎಂದು ಊದಿ, ಮೂತಿ ನೋಡಿ, ಎಣ್ಣೆ ಡಬ್ಬಕ್ಕೆ ಎಸೆದ. ಬೀಳುವಾಗ ನನ್ನ ಪಿಂಗಾಣಿಯ ಒಂದು ಚೂರು ಹಾರಿಹೋಯಿತು. ಆ ಡಬ್ಬದಿಂದ ನನ್ನನ್ನು ಎತ್ತಿಕೊಂಡವನು ಮಾಸ್ತಿ ಹರಿಕಂತ್ರ. ಗಾಳ ಹಾಕಿ ಬದುಕುವವನು. ಪ್ಲಗ್ಗಿಗೆ ಬದಲಾಗಿ ಪೆದ್ರುವಿಗೆ ಎರಡು ಮೀನು ತಂದಿದ್ದ.

"ಮೊನ್ನೆ ತಗಂಡ್ ಹೋದ ಪ್ಲಗ್ಗೆಲ್ಲ ಎಂತ ಮಾಡ್ದ್ಯಾ? ಕಡಲಲ್ಲಿ ಸ್ಕೂಟರ್ ಕಟ್ಟೂಕೆ ಹೊರಟದ್ಯಾ?" ಎಂದ ಪೆದ್ರು.

"ಕಲ್ಲು ತಿಂತದೆ ಮಾರಾಯಾ."

"ಪೆಟ್ರೋಲ್ ರುಚಿ ಹತ್ತದೆ ಅದ್ಕೆ. ನಾಳೆ ಟಯರ್ ಕೇಳ್ತದೆ ನೋಡು."

ಮಾಸ್ತಿ ನಗಲಿಲ್ಲ. ತಾನು ಗಾಳ ಹಾಕುವ ದಂಡೆಯ ಬಗ್ಗೆ ಅವನಿಗೆ ನಗು ಬರುತ್ತಿರಲಿಲ್ಲ.

ಅದು ಕಡಿದಾದ ಗುಡ್ಡದ ಬುಡದಲ್ಲಿದೆ. ಅಲ್ಲಿ ಮರಳಿಲ್ಲ. ಉರುಟು ಉರುಟು ಕಲ್ಲು, ಅದರಾಚೆ ಕರಿಬಂಡೆ. ತೆರೆ ಹಿಂದೆ ಸರಿಯುವಾಗ ಕಲ್ಲುಗಳೆಲ್ಲ ಒಂದಕ್ಕೊಂದು ಉಜ್ಜಿ, ಯಾರೋ ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ ಸದ್ದಾಗುತ್ತದೆ. ಊರವರು ಅದನ್ನು ಹಲ್ಲುಕಡಿ ದಂಡೆ ಎನ್ನುತ್ತಾರೆ. ಬಂಡೆಯ ಕೆಳಗೆಲ್ಲ ಬಿರುಕು. ಗಾಳದ ಭಾರ ಅದರಲ್ಲಿ ಸಿಕ್ಕಿದರೆ ಬರುವುದಿಲ್ಲ. ಅದಕ್ಕೇ ಅಲ್ಲಿಯವರು ಗಾಳವನ್ನು ಗಟ್ಟಿ ತಂಗೂಸಿಗೆ, ಎಂದರೆ ನೈಲಾನು ದಾರಕ್ಕೆ ಕಟ್ಟಿ, ಭಾರಕ್ಕಿರುವ ಹಳೆ ಪ್ಲಗ್ಗನ್ನು ಮಾತ್ರ ಸುಲಭಕ್ಕೆ ಹರಿಯುವ ಲಡ್ಡು ನೂಲಿನಲ್ಲಿ ಇಳಿಬಿಡುತ್ತಾರೆ. ಅದಕ್ಕೆ ಸಾಯೋ ದಾರ ಎಂದು ಹೆಸರು. ಎಳೆದಾಗ ನೂಲು ಹರಿಯುತ್ತದೆ, ಪ್ಲಗ್ಗು ಕಲ್ಲಿಗೆ, ಮೀನು ಮನೆಗೆ. ಒಟ್ಟಿನಲ್ಲಿ ನಮ್ಮನ್ನು ಕಟ್ಟುವುದೇ ಕಳೆಯಲಿಕ್ಕೆ. ನನಗೆ ಬೇಸರವಾಗಲಿಲ್ಲ. ವಿಮಾ ಏಜೆಂಟರ ಹತ್ತಿರ ತಯಾರಾದವನು ನಾನು.

ಮಾಸ್ತಿಯ ಅಣ್ಣ ಹಮ್ಮಣ್ಣ ಹಿಂದಿನ ಮಳೆಗಾಲಕ್ಕೆ ಮುಂಚೆ ಅದೇ ದಂಡೆಗೆ ಹೋದವನು ತಿರುಗಿ ಬಂದಿರಲಿಲ್ಲ. ಬಂಡೆಯ ಮೇಲೆ, ಗಾಳಕ್ಕೆ ಚುಚ್ಚಲು ಒಯ್ದ ಅವನ ಸಿಗಡಿ ಡಬ್ಬ ಸಿಕ್ಕಿತು. ಹೆಣ ಸಿಗಲಿಲ್ಲ. ಮುಳುಗಿದವರನ್ನು ಕಡಲು ಪಕ್ಕದ ದಂಡೆಗೆ ತಂದು ಹಾಕುತ್ತದೆ, ಇವನನ್ನು ತರಲಿಲ್ಲ. ಹಾಗಾಗಿ ಊರಲ್ಲಿ ಕೆಲವರು, ಅವನು ಗೋವಾ ದೋಣಿ ಹತ್ತಿದ, ಅಲ್ಲೊಂದು ಸಂಸಾರ ಉಂಟು ಎಂದರು. ಹಮ್ಮಣ್ಣನ ಹೆಂಡತಿ ಮಂಕಾಳಿ ಕುಂಕುಮ ತೆಗೆಯಲಿಲ್ಲ, ಬಳೆ ಕಳಚಲಿಲ್ಲ. ಕ್ರಿಯೆ ಮಾಡಿಬಿಡೋಣ ಎಂದು ಮಾಸ್ತಿ ಹೇಳಿದಾಗಲೆಲ್ಲ ಅವಳದು ಒಂದೇ ಮಾತು: "ಗೋವಾದಲ್ಲಿದ್ರೆ ಕಾಲ್ ಮುರ್ದು ಕೂರ್ಸ್ತೆ. ಸತ್ತಿದ್ರೆ..." ಅಲ್ಲಿಗೆ ನಿಲ್ಲಿಸಿ ಮೀನು ಬುಟ್ಟಿ ಎತ್ತಿಕೊಳ್ಳುತ್ತಿದ್ದಳು.

ಮಾಸ್ತಿ ನನ್ನನ್ನು ಎಸೆದ. ನಾನು ಮುಳುಗಿದೆ. ಬಿರುಕಿನೊಳಗೆ ಜಾರಿದೆ. ಅವನು ಎಳೆದ. ನೂಲು ಹರಿಯಲಿಲ್ಲ. ಯಾರೋ ಗಂಟನ್ನು ನಿಧಾನಕ್ಕೆ ಬಿಚ್ಚಿದರು.

ಹಮ್ಮಣ್ಣ ಅಲ್ಲಿ ಕೂತಿದ್ದ. ಮಂಡಿಯವರೆಗೆ ಕಾಲು ಕಲ್ಲಿನ ಸಂದಿಯಲ್ಲಿ. ಸುತ್ತ ತಮ್ಮನ ಪ್ಲಗ್ಗುಗಳನ್ನೆಲ್ಲ ದೊಡ್ಡದು ಚಿಕ್ಕದೆಂದು ಸಾಲಾಗಿ ಜೋಡಿಸಿಟ್ಟಿದ್ದ. ಮೀನುಗಳು ಅವನ ಕೆಲವು ಭಾಗಗಳನ್ನು ಬಿಟ್ಟಿದ್ದವು.

"ಯಾವ ಗಾಡಿದಾ ನೀನು?" ಎಂದು ಕೇಳಿದ.

"ಸ್ಕೂಟರು."

"ಹಾಂ. ಬೈಕಿಂದು ಸುಮಾರು ಬಂದದೆ."

ಸತ್ತದ್ದು ಹೇಗೆಂದು ಅವನೇ ಹೇಳಿದ. ಅಂದು ಪೇಟೆಯಿಂದ ಹೊಸ ಸೀಸದ ಗುಂಡು ತಂದಿದ್ದನಂತೆ. ಅಷ್ಟು ಚಂದದ ಗುಂಡನ್ನು ಸಾಯೋ ದಾರಕ್ಕೆ ಕಟ್ಟಿ ಕಲ್ಲಿಗೆ ಕೊಡಲು ಮನಸ್ಸು ಬರಲಿಲ್ಲ. ಗಟ್ಟಿ ತಂಗೂಸಿಗೇ ಕಟ್ಟಿದ, ತಂಗೂಸನ್ನು ಮುಂಗೈಗೆ ಸುತ್ತಿಕೊಂಡ. ಗುಂಡು ಸಿಕ್ಕಿಕೊಂಡಿತು, ದೊಡ್ಡ ತೆರೆ ಬಂತು, ಹರಿಯಬೇಕಾದ್ದು ಯಾವುದೂ ಹರಿಯಲಿಲ್ಲ.

"ಗುಂಡು ಉಳದದೆ," ಎಂದು ಪಕ್ಕದಲ್ಲಿದ್ದದ್ದನ್ನು ತೋರಿಸಿದ. ನಿಜಕ್ಕೂ ಒಳ್ಳೆಯ ಗುಂಡು.

ಆಮೇಲೆ, "ನಮ್ಮನೇದು ಇನ್ನೂ ಬಳೆ ಹಾಕ್ತದ್ಯಾ?" ಎಂದು ಹೆಂಡತಿಯ ಬಗ್ಗೆ ಕೇಳಿದ. ನನಗೆ ಗೊತ್ತಿರಲಿಲ್ಲ.

ಮರುದಿನ ಮಾಸ್ತಿಯ ದಾರ ಮತ್ತೆ ಇಳಿಯಿತು. ಹಮ್ಮಣ್ಣ ಅದರ ಪ್ಲಗ್ಗನ್ನು ಬಿಚ್ಚಿ ಸಾಲಿನಲ್ಲಿಟ್ಟು, ಆ ಜಾಗದಲ್ಲಿ ನನ್ನನ್ನು ಕಟ್ಟಿದ. ಅವನು ಎಡಚ. ಅವನ ಗಂಟಿನ ಸುತ್ತು ಎಲ್ಲರದಕ್ಕಿಂತ ತಿರುಗಾಮುರುಗಾ. ಮೇಲೆ ಬಂದ ನನ್ನನ್ನು ಮಾಸ್ತಿ ನೋಡಿದ. ಒಡೆದ ಪಿಂಗಾಣಿ ನೋಡಿ, ನಿನ್ನೆ ಕಳೆದ ಪ್ಲಗ್ಗೆಂದು ಗುರುತು ಹಿಡಿದ. ಗಂಟು ನೋಡಿದ. ಗಾಳ, ಡಬ್ಬ, ಚಪ್ಪಲಿ ಎಲ್ಲ ಬಿಟ್ಟು ಗುಡ್ಡ ಹತ್ತಿದ.

ಮಂಕಾಳಿ ಅಂಗಳದಲ್ಲಿ ಮೀನು ಹೆಚ್ಚುತ್ತಿದ್ದಳು.

"ಅತ್ಗೆ, ಈ ಗಂಟು ನೋಡು."

ಅವಳು ನೋಡಿದಳು. "ಎಡಗೈ ಗಂಟು ಕಲ್ತದ್ಯಾ? ನನ್ ಕುಂಕುಮ ಒರ್ಸೂಕೆ ಇದು ಹೊಸ ಉಪಾಯನಾ?"

"ದೇವರಾಣೆ ಅತ್ಗೆ, ಹೀಂಗೇ ಬಂತು!"

ಚಪ್ಪಲಿ ಬಿಟ್ಟು ಓಡಿ ಬಂದ ಅವನ ಬರಿಗಾಲು ಅವಳಿಗೆ ಕಂಡಿತು. ಕತ್ತಿ ಕೆಳಗಿಟ್ಟಳು. "ಹಂಗಾರೆ ನಾನೇ ಹೋಗಿ ಕೇಳ್ತೆ," ಎಂದಳು.

ಅಂದು ಮಧ್ಯಾಹ್ನ ಇಳಿತದ ಹೊತ್ತಿಗೆ ದಂಡೆಗೆ ಬಂದಳು. ನನ್ನ ನೂಲನ್ನು ಬಿಚ್ಚಿ ಸೆರಗಿನ ತುದಿಗೆ ಕಟ್ಟಿಕೊಂಡು, ನನ್ನನ್ನು ಗಟ್ಟಿ ತಂಗೂಸಿಗೇ ಬಿಗಿದಳು. ತಂಗೂಸನ್ನು ಮುಂಗೈಗೆ ಸುತ್ತಿದಳು.

"ಸಾಯೋ ದಾರ ಕಟ್ಟು ಅತ್ಗೆ! ಕಲ್ಲಿಗೆ ಸಿಕ್ರೆ ನಿನ್ನೇ ಎಳೀತದೆ!"

"ನೂಲು ಹರದ್ರೆ ಮತ್ತೆ ಅನುಮಾನವೇ ಉಳೀತದೆ. ನಂಗೆ ಸಾಕಾಗದೆ ಮಾಸ್ತಿ."

ಎಸೆದಳು. ಕೆಳಗೆ ಹಮ್ಮಣ್ಣ ನನ್ನನ್ನು ಎರಡೂ ಕೈಯಲ್ಲಿ ಹಿಡಿದ. ಬಿಗಿದ ತಂಗೂಸಿನಲ್ಲಿ ಸದ್ದು ಚೆನ್ನಾಗಿ ಇಳಿಯುತ್ತದೆ. ಮೇಲಿನ ಬಳೆಗಳ ಕಿಣಿಕಿಣಿ ನನ್ನ ಸೊಂಟದವರೆಗೂ ಬಂತು. ಹಮ್ಮಣ್ಣನಿಗೂ ಕೇಳಿತು. ನಕ್ಕ. ಆಮೇಲೆ ಎಳೆಯತೊಡಗಿದ.

"ಒಬ್ನೇ ಕೂತು ಕೂತು ಸಾಕಾಗದೆ," ಎಂದ, ನನ್ನನ್ನು ನೋಡದೆ.

ಬೆಂಕಿಯಲ್ಲಿ ಕೆಲಸ ಮಾಡಿದವನು ನಾನು. ಹೆದರಿದ್ದು ಆಗಲೇ.

ಮೇಲೆ ಅವಳ ಕಾಲು ಉರುಟುಕಲ್ಲಿನ ಮೇಲೆ ಜಾರಿತು. ನೀರು ಮಂಡಿಗೆ ಬಂತು, ಸೊಂಟಕ್ಕೆ ಬಂತು. ಮಾಸ್ತಿ ಸೆರಗು ಹಿಡಿದು ಕೂಗುತ್ತಿದ್ದ. ಅವಳೂ ಕೂಗಿದಳು, ಅವನಿಗಲ್ಲ: "ಹೋಯ್! ಇಲ್ಲೇ ಇದ್ದು ಊರವ್ರ ಬಾಯಲ್ಲಿ ಗೋವಾಕ್ಕೆ ಹೋದದ್ದಾ? ಎಷ್ಟ್ ಜನ್ರ ಹತ್ರ ಜಗಳ ಮಾಡದ್ದೆ ಗೊತ್ತದ್ಯಾ?"

ಹಮ್ಮಣ್ಣ ಇನ್ನೂ ಒಂದು ಮೊಳ ಎಳೆದ.

ಆಗ ಅವಳು ಕೂಗುವುದನ್ನು ನಿಲ್ಲಿಸಿದಳು. ತಂಗೂಸಿನಲ್ಲಿ ಬಂದದ್ದು ಬಹಳ ಸಣ್ಣ ದನಿ. "ತಡಿ. ಬಂದೆ." ದಾರ ಸಡಿಲವಾಯಿತು. ಎಳೆಸಿಕೊಳ್ಳದೆ ಅವಳೇ ಒಂದು ಹೆಜ್ಜೆ ಮುಂದಿಟ್ಟಿದ್ದಳು.

ಹಮ್ಮಣ್ಣ ಪಕ್ಕದ ಸೀಸದ ಗುಂಡನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕೈ ಬಿಚ್ಚಿದ.

ಅವಳು ಕಲ್ಲುಗಳ ಮೇಲೆ ಅಂಗಾತ ಬಿದ್ದಳು. ನಾನು ಅವಳ ಪಕ್ಕ ಬಂದು ಬಿದ್ದೆ.

"ಕಲ್ಲು ಬಿಡ್ತಲ್ಲ ಅತ್ಗೆ, ದೇವ್ರು ದೊಡ್ಡವ," ಎಂದು ಮಾಸ್ತಿ ಅಳುತ್ತ ಕೂತ.

"ಇಲ್ಲೀ ಕಲ್ಲು ಯಾವತ್ತಾದ್ರೂ ಬಿಟ್ಟದ್ಯಾ ಮಾಸ್ತಿ?"

ಅವಳು ಎದ್ದು ಕೂತು ತಂಗೂಸನ್ನು ನಿಧಾನಕ್ಕೆ ಸುತ್ತಿದಳು. ಆಮೇಲೆ ಬಳೆಗಳನ್ನು ಒಂದೊಂದಾಗಿ ಕಳಚಿ, ಒಡೆಯದ ಹಾಗೆ ನೀರಿಗಿಟ್ಟಳು. "ಕ್ರಿಯೆಗೆ ಯಾರ್ಗೆ ಹೇಳ್ಬೇಕೋ ಹೇಳು," ಎಂದಳು.

ಕ್ರಿಯೆ ಆಯಿತು. ಗೋವಾದ ಮಾತು ನಿಂತಿತು. ಮಾಸ್ತಿಯ ನೂಲು ಈಗ ಬಿಚ್ಚಿಕೊಳ್ಳುವುದಿಲ್ಲ, ಎಲ್ಲರದರ ಹಾಗೆ ಹರಿಯುತ್ತದೆಯಂತೆ. ನಾನು ಮಂಕಾಳಿಯ ಅಂಗಳದಲ್ಲಿ, ಒಣಮೀನಿನ ಮೇಲೆ ಹೊದೆಸಿದ ಬಲೆಯ ಮೂಲೆಗೆ ಜೋತುಬಿದ್ದಿದ್ದೇನೆ. ತುಕ್ಕು ಹಿಡಿದಿದೆ. ಕಾಗೆಗಳಿಗೆ ನನ್ನ ಭಯವಿಲ್ಲ.

ನೆರೆಯ ಹೆಂಗಸರು ಬಂದು ಕೂತಾಗ ಅವಳು ಕೆಲವೊಮ್ಮೆ ನನ್ನನ್ನು ಬೆರಳಲ್ಲಿ ತಿರುಗಿಸುತ್ತ ಹೇಳುತ್ತಾಳೆ: "ಕಡೆಗೂ ಅವ್ರು ನನ್ನ ಬಿಟ್ರು ನೋಡಿ. ಎಳದದ್ದು ತೆರೆ, ಅವ್ರಲ್ಲ."

ಅದರಲ್ಲಿ ಅರ್ಧ ನಿಜ. ಅಷ್ಟು ಹತ್ತಿರದಿಂದ ಆ ಕೈಗಳನ್ನು ಕಂಡವನು ನಾನೊಬ್ಬನೇ. ಉಳಿದರ್ಧವನ್ನು ನಿಮಗೆ ಹೇಳಿದ್ದೇನೆ. ಅವಳಿಗೆ ಹೇಳುವುದಿಲ್ಲ.