ವರದಿ ಮುಗಿಯುವವರೆಗೆ ಯಾವ ಡಾಕ್ಟರೂ ಬೇಡ

‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂಬ ಗಾದೆ ಕಟ್ಟಿದವಳು ಯಾರೋ ನಿವೃತ್ತ ನ್ಯಾಯಾಧೀಶರ ಹೆಂಡತಿಯೇ ಇರಬೇಕು. ನಮ್ಮ ಯಜಮಾನರು ರಿಟೈರ್ ಆಗಿ ಪೇಪರ್ ಓದಿಕೊಂಡು ತೆಪ್ಪಗಿದ್ದರು. ಸರ್ಕಾರ ಸುಮ್ಮನಿರಬೇಕಲ್ಲ? ದೇಶದ ನೋಂದಾಯಿತ ಡಾಕ್ಟರುಗಳನ್ನು, ಹಲ್ಲಿನವರನ್ನು, ನರ್ಸುಗಳನ್ನು ಯಾರು ಹದ್ದುಬಸ್ತಿನಲ್ಲಿಟ್ಟಿದ್ದಾರೆ, ರೋಗಿಗಳ ದೂರಿಗೆ ಯಾರು ಕಿವಿಗೊಡುತ್ತಾರೆ ಎಂದು ಪರಿಶೀಲಿಸಿ ವರದಿ ಕೊಡುವ ಕೆಲಸವನ್ನು ಇವರ ತಲೆಗೆ ಕಟ್ಟಿತು.

ಅವತ್ತೇ ಊಟಕ್ಕೆ ಕೂತಾಗ ಇವರೊಂದು ಕಾನೂನು ಹೊರಡಿಸಿದರು. ವರದಿ ಮುಗಿಯುವವರೆಗೆ ನಮ್ಮ ಮನೆಯವರು ಯಾವ ಡಾಕ್ಟರ ಬಾಗಿಲನ್ನೂ ತುಳಿಯಕೂಡದು. ನಾಳೆ ಯಾರಾದರೂ ಸಾಹೇಬರು ಮುಲಾಜಿಗೆ ಬಿದ್ದರು ಎಂದುಬಿಟ್ಟರೆ? ಮನೆಯವರೆಂದರೆ ಇರುವುದು ನಾನೊಬ್ಬಳು. ನನ್ನ ಎರಡು ಕಣ್ಣಿಗೂ ಪೊರೆ ಬಂದಿತ್ತು, ಬಲಗಣ್ಣಿನ ಆಪರೇಷನ್ನಿಗೆ ದಿನವೂ ಗೊತ್ತಾಗಿತ್ತು. ಇನ್ನು ತಡಮಾಡಿದರೆ ಕಷ್ಟ ಎಂದು ಕಣ್ಣಿನ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು. ಅದನ್ನು ಮುಂದಕ್ಕೆ ಹಾಕು ಎಂದರು ಇವರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಹೂಂ ಅಂದೆ. ಅಂದದ್ದಷ್ಟೇ, ಹಾಕಲಿಲ್ಲ.

ಅಷ್ಟರಲ್ಲಿ ಇವರಿಗೆ ದವಡೆ ಹಲ್ಲಿನ ನೋವು ಶುರುವಾಯಿತು. ಲವಂಗ ಕಚ್ಚಿದರು, ಉಪ್ಪುನೀರು ಮುಕ್ಕಳಿಸಿದರು, ವಿಚಾರಣೆಯಲ್ಲಿ ಕೆನ್ನೆಗೆ ಕೈಯಿಟ್ಟು ಕೂತರು. ಸಾಹೇಬರು ಏನೋ ಗಾಢವಾಗಿ ಯೋಚಿಸುತ್ತಿದ್ದಾರೆಂದು ಎದುರಿಗಿದ್ದ ಡಾಕ್ಟರುಗಳೆಲ್ಲ ಬೆವತುಹೋದರಂತೆ. ಹೋಗಿ ತೋರಿಸಿಕೊಳ್ಳಿ ಎಂದು ನಾನೇನೂ ಹೇಳಲಿಲ್ಲ. ಕಾನೂನು ಇವರದ್ದೇ, ಅನುಭವಿಸಲಿ ಎಂದು ಬಿಟ್ಟೆ.

ಆಪರೇಷನ್ ದಿನ ಅಕ್ಕನ ಮನೆಗೆಂದು ಸುಳ್ಳು ಹೇಳಿ ಹೊರಟೆ. ಇವರು ಆಗಲೇ ವಿಚಾರಣೆಯಿದೆ ಎಂದು ಹೋಗಿಯಾಗಿತ್ತು. ಆ ಆಸ್ಪತ್ರೆಯಲ್ಲಿ ಕಣ್ಣಿನವರಿಗೂ ಹಲ್ಲಿನವರಿಗೂ ಕಾಯಲು ಒಂದೇ ಹಜಾರ. ಕಣ್ಣಿಗೆ ಹನಿ ಹಾಕಿ ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಮೊದಲೇ ಮಂಜು, ಈಗ ಮುಖವೇ ಗುರುತು ಸಿಗದಷ್ಟು ಬಿಳುಪು. ಪಕ್ಕದಲ್ಲಿ ತಲೆಗೂ ಕೆನ್ನೆಗೂ ಮಫ್ಲರ್ ಸುತ್ತಿಕೊಂಡವರು ಯಾರೋ ಇದ್ದರು. ಹಲ್ಲು ಕೀಳಿಸಿಕೊಂಡಿರಾ ಎಂದು ಕೇಳಿದರೆ, ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಹೂಂ ಎಂದರು. ಎದುರು ಮಾತಾಡದ ಗಂಡಸು ಸಿಕ್ಕರೆ ಬಿಡುವುದುಂಟೇ? ಮನೆಯ ಪುರಾಣವನ್ನೆಲ್ಲ ಬಿಚ್ಚಿದೆ.

“ನಮ್ಮೋರು ದೇಶದ ರೋಗಿಗಳ ದೂರೆಲ್ಲಾ ಕೇಳ್ತಾರೆ ಕಣ್ರೀ,” ಎಂದೆ. “ಮನೇಲಿರೋ ರೋಗಿ ದೂರೊಂದು ಕೇಳಲ್ಲ. ಮೊನ್ನೆ ಮೆಟ್ಲು ಕಾಣ್ದೆ ಬಿದ್ದೆ. ಅದನ್ನೂ ಹೇಳ್ಲಿಲ್ಲ, ವರದಿ ಮುಗೀಲಿ ಅಂತಾರೆ ಅಷ್ಟೆ. ಇವತ್ತು ಒಬ್ಳೇ ಬಂದಿದ್ದೀನಿ. ಭಯ ಆಗ್ತಿದೆ.”

ಪಕ್ಕದವರು ಬೆಂಚಿನ ಮೇಲೆ ಒಂದಿಷ್ಟು ನನ್ನ ಕಡೆಗೆ ಸರಿದು ಕೂತರು.

ನರ್ಸ್ ಬಂದು ಜೊತೆಗೆ ಯಾರಿದ್ದಾರೆ ಎಂದು ಕೇಳಿದಳು. ಒಪ್ಪಿಗೆ ಪತ್ರಕ್ಕೆ ಅವರ ಸಹಿಯೂ ಬೇಕಂತೆ, ಇಲ್ಲದಿದ್ದರೆ ಇವತ್ತು ಆಪರೇಷನ್ ಇಲ್ಲವಂತೆ. ಯಾರೋ ಸಾಹೇಬರು ವಿಚಾರಣೆ ಶುರುಮಾಡಿದ ಮೇಲೆ ಎಲ್ಲ ಭಾರಿ ಬಿಗಿ ಎಂದಳು. ಇಷ್ಟು ಧೈರ್ಯ ಮಾಡಿ ಬಂದದ್ದು ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದ ಹಾಗಾಯಿತು.

ಆಗ ಪಕ್ಕದವರು ಕೈ ಚಾಚಿ ಕಾಗದ ತೆಗೆದುಕೊಂಡರು. ಸಹಿ ಮಾಡಲಿಲ್ಲ, ಕಣ್ಣ ಹತ್ತಿರ ಹಿಡಿದು ಓದಿದರು. ಮಗುಚಿ ಹಿಂಬದಿಯನ್ನೂ ಓದಿದರು. ಮತ್ತೆ ಮೊದಲಿನಿಂದ ಓದಿದರು. ಕಾಗದ ಸರಸರ ಎನ್ನುವುದು ನನಗೆ ಕೇಳುತ್ತಿತ್ತು, ನರ್ಸ್ ಗೊಣಗುವುದೂ ಕೇಳುತ್ತಿತ್ತು. ಹಾಲಿನವನ ಚೀಟಿಯನ್ನೂ ಹೀಗೆ ಓದುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ.

ಪೇಷಂಟಿಗೆ ನೀವು ಏನಾಗಬೇಕು ಎಂದು ನರ್ಸ್ ಕೇಳಿದಳು.

ಇವರು ಬಾಯಿಂದ ಹತ್ತಿ ತೆಗೆದರು. “ಆ ದೂರಿನಲ್ಲಿರೋ ಅಪರಾಧಿ,” ಎಂದರು. “ಗಂಡ ಅಂತ ಬರ್ಕೊಳಮ್ಮ.”

ಮರುದಿನ ಪಟ್ಟಿ ಬಿಚ್ಚಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಬನ್ನಿನ ಹಾಗೆ ಊದಿದ್ದ ಇವರ ಕೆನ್ನೆ. ಎಡಗಣ್ಣಿನ ಆಪರೇಷನ್ನಿಗೂ ದಿನ ಕೇಳಿಕೊಂಡು ಬಂದಿದ್ದೇನೆ ಎಂದರು.

“ಮತ್ತೆ ನಿಮ್ಮ ವರದಿ?” ಎಂದೆ.

“ಅದನ್ನ ಮುಂದಕ್ಕೆ ಹಾಕ್ದೆ.”