ಬಿಸಿಲಿನ ಗಿರಣಿಯಲ್ಲಿ ಸಾಹುಕಾರನ ಪಾಳಿ

"ಏ ಬೋಳೇರ, ನನ್ನ ಜ್ವಾಳಾ ಮೊದಲ ಹಾಕ್ರಿ. ನಿಮ್ಮ ಹೊಲಸ ಹಿಟ್ಟ ನನ್ನ ಹಿಟ್ಟಿನ್ಯಾಗ ಕೂಡಬಾರ್ದು."

ಶ್ರೀಶೈಲಪ್ಪ ಸಾಹುಕಾರ ನಮ್ಮ ಕೇರಿಗೆ ಕಾಲಿಟ್ಟದ್ದು ಅದೇ ಮೊದಲು. ಊರಿಗೆ ಕರೆಂಟು ಕೊಡುವ ಟಿಸಿ ಸುಟ್ಟು ಅವನ ಗಿರಣಿ ನಿಂತಿತ್ತು. ಮನೆಯಲ್ಲಿ ಬೀಗರು ಬಂದು ಕೂತಿದ್ದರು, ರೊಟ್ಟಿಗೆ ಹಿಟ್ಟಿರಲಿಲ್ಲ. ಆಲಮೇಲಕ್ಕೆ ಹೋಗಿ ಬೀಸಿಸಿಕೊಂಡು ಬರುವಷ್ಟು ಪುರಸತ್ತೂ ಇರಲಿಲ್ಲ. ಅವನ ಆಳುಗಳೆಲ್ಲ ನಮ್ಮವರೇ. ಅವತ್ತು ಒಬ್ಬೊಬ್ಬರಿಗೂ ಸೊಂಟ ಹಿಡಿದಿತ್ತು, ಪಾಪ. ಚೀಲ ತಾನೇ ಹೊತ್ತು ತಂದಿದ್ದ.

ಯಾವ ಗಿರಣಿಯಲ್ಲಾದರೂ ಮೊದಲು ಬೀಸಿಸಿದವರ ಹಿಟ್ಟು ಒಂದು ಹಿಡಿ ಒಳಗೇ ಉಳಿದು ಅವರ ಹಿಂದೆ ನಿಂತವರ ಡಬ್ಬಿಗೆ ಬೀಳುತ್ತದೆ. ಅದಕ್ಕೇ ಸಾಹುಕಾರನ ಗಿರಣಿಯಲ್ಲಿ ಕೇರಿಯ ಜೋಳಕ್ಕೆ ಯಾವಾಗಲೂ ಕಡೆಯ ಪಾಳಿ. ಬೇಸತ್ತು ನಾವು ಹೆಂಗಸರು ಸಂಘ ಕಟ್ಟಿದೆವು. ಮನೆಗೊಂದು ಸೋಲಾರ್ ಪ್ಲೇಟು ಮಾಳಿಗೆಗೆ ಏರಿಸಿ, ಕಡಿಮೆ ಕರೆಂಟು ತಿನ್ನುವ ಮೋಟಾರು ಹುಡುಕಿ ನಮ್ಮದೇ ಗಿರಣಿ ಹಾಕಿದೆವು. ಇಲ್ಲಿ ಬಂದವರಿಗೆ ಬಂದ ಹಾಗೆ ಪಾಳಿ.

ಗಿರಣಿ ನಡೆಸುವ ಶಂಕ್ರೆವ್ವ ತಲೆ ಎತ್ತದೆ, ಸುಜಾತಾನ ಹಿಂದೆ ನಿಲ್ಲಲು ಹೇಳಿದಳು. ಸುಜಾತಾ ಅಂದರೆ ನಾನು, ಅವನ ಕೊಟ್ಟಿಗೆಯ ಸಗಣಿ ಬಳಿಯುವವಳು. ಸಾಹುಕಾರ ಉರಿದುಬಿದ್ದ. ನಾಳೆಯೇ ಮಂದಿ ಕರೆತಂದು ಪ್ಲೇಟುಗಳನ್ನೆಲ್ಲ ಕೀಳಿಸುತ್ತೇನೆ ಎಂದ. ಅವು ಹೋದರೆ ಮತ್ತೆ ಅವನ ಬಾಗಿಲೇ ಗತಿ.

"ಕೀಳ್ರಿ," ಎಂದಳು ಶಂಕ್ರೆವ್ವ. "ನಿಚ್ಚಣಿಕಿ ಅಡಗಿ ಮನ್ಯಾಗ ಐತಿ. ಒಲಿ ದಾಟಿ, ನಮ್ಮ ನೀರಿನ ಕೊಡಾ ಸರಿಸಿ ಮ್ಯಾಲ ಹತ್ತಬೇಕ್ರಿ. ಎಲ್ಲಾರ ಮನ್ಯಾಗೂ ಹಂಗ. ಬರ್ತೀರೇನ್ರಿ ಒಳಗ?"

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ನಾನಂತೂ ನಕ್ಕೇಬಿಟ್ಟೆ. ಸಾಹುಕಾರ ಇಳಿಯುತ್ತಿದ್ದ ಬಿಸಿಲು ನೋಡಿದ. ಬಿಸಿಲು ಹೋದರೆ ಗಿರಣಿಯೂ ಇಲ್ಲ, ಬೀಗರ ಮುಂದೆ ರೊಟ್ಟಿಯೂ ಇಲ್ಲ. ಚೀಲ ಎತ್ತಿಕೊಂಡು ನನ್ನ ಹಿಂದೆ ಬಂದು ನಿಂತ.

ನನ್ನ ಜೋಳ ಬೀಸಿ ಮುಗಿಯಿತು. ಹಿಟ್ಟು ಇಳಿಯುವ ಬಟ್ಟೆಯ ತೋಳನ್ನು ಪ್ರತಿಯೊಬ್ಬರ ಪಾಳಿ ಮುಗಿದ ಮೇಲೆ ಕೊಡವುವುದು ರೂಢಿ. ಶಂಕ್ರೆವ್ವ ಅದಕ್ಕೆ ಕೈ ಹಾಕಿದಳು. ನಾನು ಅವಳ ಕೈ ಹಿಡಿದೆ.

"ಜಾಡಸಬ್ಯಾಡವಾ. ಬೀಗರು ಬಂದಾರ, ನನ್ನ ಹಿಟ್ಟೂ ಒಂದ ಹಿಡಿ ಹೋಗ್ಲಿ."

ಸಾಹುಕಾರ ಯಾರ ಮುಖವನ್ನೂ ನೋಡಲಿಲ್ಲ. ಚೀಲದ ಬಾಯಿ ಬಿಚ್ಚಿ ಜೋಳವನ್ನು ತಾನೇ ಗಿರಣಿಗೆ ಸುರಿದ.